ಒಂದರಿಂದ ನಾಲ್ಕರವರೆಗೆ

ನಾರಾಯಣ ಪೇಟೆ, ಪುಣೆ
ತುಳಸೀ ಲಗ್ನದ ಮರುದಿನ

ಪ್ರಿಯ ಹೇರಂಬ,

'ಪ್ರಿಯ' ಎಂಬ ಶಬ್ದಕ್ಕೆ ನಿನ್ನ ಆಯಿ ಈ ಆಷಾಢದಲ್ಲಿ ಒಂದು ಅರ್ಥ ಬರೆಸಿದ್ದರು: 'ಪತ್ರದ ಮೊದಲ ಸಾಲಿನಲ್ಲಿ ಮಾತ್ರ ಜೀವ ಹಿಡಿದುಕೊಂಡಿರುವ ಶಬ್ದ.' ಅದಾದ ಮೇಲೆ ನಾನು ಯಾರಿಗೂ ಪತ್ರ ಬರೆದಿರಲಿಲ್ಲ. ಇವತ್ತು ಬರೆಯಲು ಕೂತಾಗ ಪೆನ್ನು ಆ ಶಬ್ದದ ಹತ್ತಿರ ಸ್ವಲ್ಪ ನಿಂತಿತು. ಬೇರೆ ಏನು ಬರೆಯಬೇಕೋ ತಿಳಿಯಲಿಲ್ಲ. ವಿಚ್ಛೇದನದ ಕೋರ್ಟಿನ ಕಾಗದಗಳಲ್ಲಿ ನಿನ್ನನ್ನು 'ಮೊದಲನೆಯ ಅರ್ಜಿದಾರ' ಎಂದು ಕರೆದಿದ್ದಾರೆ. ಅದಕ್ಕಿಂತ ಇದು ವಾಸಿ.

ನಿನ್ನ ಎರಡನೆಯ ಪತ್ರ ತಲುಪಿತು. ಫೋನ್ ಮಾಡದೆ ಪತ್ರ ಬರೆದದ್ದು ಒಳ್ಳೆಯದೇ ಆಯಿತು. ಫೋನಿನಲ್ಲಿ ನಾವಿಬ್ಬರೂ ಎರಡನೆಯ ಮಾತಿಗೇ ದನಿ ಏರಿಸುತ್ತೇವೆ. ಬರುವ ಭಾನುವಾರ ಬಂದು ಆಯಿಯನ್ನು ಇಂದೂರಿಗೆ ಕರೆದುಕೊಂಡು ಹೋಗುತ್ತೇನೆ, ಅವರ ಬಟ್ಟೆ, ಔಷಧಿ ಕಟ್ಟಿಡು ಎಂದು ಬರೆದಿದ್ದೀಯ. ಅದಕ್ಕೆ ಉತ್ತರ ಕೊಡಲೇಬೇಕು, ಕೊಡುತ್ತೇನೆ. ಆದರೆ ಪತ್ರದ ಅರ್ಧಕ್ಕಿಂತ ಹೆಚ್ಚು ಭಾಗ ನೀನು ಬಾಗಿಲಿನ ಬಗ್ಗೆ ಬರೆದಿರುವುದರಿಂದ ಮೊದಲು ಬಾಗಿಲಿನ ಮಾತು.

ದೀಪಾವಳಿಯ ಭಾವುಬೀಜ್ ಮುಗಿದ ಮೇಲಿನ ಶನಿವಾರ ನೀನು ಮುಂಬೈಯ ಕೆಲಸ ಮುಗಿಸಿಕೊಂಡು, ಮೊದಲೇ ತಿಳಿಸದೆ, ಮಧ್ಯಾಹ್ನ ಎರಡಕ್ಕೆ ನಮ್ಮ ಬಾಗಿಲಿಗೆ ಬಂದೆ. ಬೆಲ್ ಒತ್ತಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಮೂರೂವರೆಗೆ ಎದ್ದು, ತಂದಿದ್ದ ಇಂದೂರಿನ ಖಾರ ಸೇವಿನ ಪೊಟ್ಟಣವನ್ನು ಕೆಳಗೆ ಸೊಸೈಟಿಯ ಸೆಕ್ರೆಟರಿ ಸೋಹೋನಿಯವರ ಕೈಗೆ ಕೊಟ್ಟು, ವಿಮಾನದ ಹೊತ್ತಾಯಿತೆಂದು ಹೋದೆ. 'ನಾನು ಹುಟ್ಟಿ ಬೆಳೆದ ಮನೆಯಲ್ಲಿ ನನಗೆ ಬೆಲ್ ಒತ್ತುವ ಹಕ್ಕೂ ಉಳಿದಿಲ್ಲ' ಎಂದು ಬರೆದಿದ್ದೀಯ.

ನಾವು ಮಲಗಿದ್ದೆವು, ಹೇರಂಬ. ಒಂದರಿಂದ ನಾಲ್ಕರವರೆಗೆ ಈ ಪೇಟೆಯಲ್ಲಿ ಇನ್ನೇನು ಮಾಡುತ್ತಾರೆ? ಕೆಳಗಿನ ಕಿರಾಣಿ ಅಂಗಡಿಯವನೂ ಕದ ಎಳೆದುಕೊಂಡು ಗೊರಕೆ ಹೊಡೆಯುತ್ತಿರುತ್ತಾನೆ. ಇನ್ನು ಆ ಹಕ್ಕನ್ನು ಕಸಿದುಕೊಂಡವರು ಯಾರು ಎನ್ನುವುದು. ಬಾಗಿಲ ಮೇಲಿನ ಫಲಕವನ್ನು ನೀನೇ ಬರೆದದ್ದು. ನಮ್ಮ ಮದುವೆಯಾದ ಮೊದಲ ಬೇಸಿಗೆಯಲ್ಲಿ, ಹಳದಿ ಬಣ್ಣದಲ್ಲಿ, ನಾಲಿಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ತಿದ್ದಿದ್ದೆ. 'ಮಧ್ಯಾಹ್ನ ೧ರಿಂದ ೪ರವರೆಗೆ ಬೆಲ್ ಒತ್ತಬಾರದು. ಮನೆಯಲ್ಲಿ ಜನರಿದ್ದಾರೆ, ನಿಮಗಾಗಿ ಅಲ್ಲ. ಬೆಂಕಿ ಬಿದ್ದಿದ್ದರೆ ಅಗ್ನಿಶಾಮಕ ದಳಕ್ಕೆ ತಿಳಿಸಿ. ಸಂಬಂಧಿಕರಿಗೆ ವಿನಾಯಿತಿ ಇಲ್ಲ.' ಆ ಕೊನೆಯ ಸಾಲಿಗೆ ನಿನ್ನ ಮಾವ, ಅಂದರೆ ನನ್ನ ಅಪ್ಪ, ಎರಡು ವರ್ಷ ಮುನಿಸಿಕೊಂಡಿದ್ದರು. ನೀನು ಹೆಮ್ಮೆಯಿಂದ ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

ಬೇರೆ ಯಾವ ಊರಿನ ಮಗನಾಗಿದ್ದರೂ ಫಲಕ ಓದಿ, ನಕ್ಕು, ಬೆಲ್ ಒತ್ತುತ್ತಿದ್ದ. ಮೂರು ವರ್ಷ ಇಂದೂರಿನಲ್ಲಿದ್ದೂ ನೀನು ಪುಣೆಯವನಾಗಿಯೇ ಉಳಿದೆ. ನಿಯಮ ನಿನ್ನದೇ, ಅದನ್ನು ಮುರಿದರೆ ಸೋತ ಹಾಗೆ. ನಿಯಮ ಪಾಲಿಸಿ, ಆಮೇಲೆ ಅದರ ಬಗ್ಗೆ ದೂರು ಕೊಡುವುದು ಇನ್ನೂ ಸೊಗಸು. ಆ ನೀಲಿ ಚೌಕುಳಿ ಅಂಗಿ ನಿನಗೆ ಈಗ ಹೊಟ್ಟೆಯ ಹತ್ತಿರ ಬಿಗಿಯುತ್ತಿದೆ, ಹೊಸದು ತೆಗೆದುಕೋ. ಬಾಗಿಲಿನ ವಿಷಯ ಇಲ್ಲಿಗೆ ಮುಗಿಸುತ್ತೇನೆ.

ಇನ್ನು ಹಲಗೆಯ ವಿಷಯ. ನಿನ್ನ ಮೊದಲ ಪತ್ರ ಶುರುವಾದದ್ದೇ ಅದರಿಂದ.

ಗೇಟಿನ ಒಳಗೆ, ಟಪಾಲು ಪೆಟ್ಟಿಗೆಗಳ ಮೇಲೆ ಇರುವ ಕರಿಹಲಗೆ ನಿನಗೆ ಗೊತ್ತು. ಮೊದಲು ಕಾಳೆ ಮಾಸ್ತರರು ಅದರ ಮೇಲೆ ದಿನಾ ಒಂದು ಸುವಿಚಾರ ಬರೆಯುತ್ತಿದ್ದರು. 'ಸತ್ಯವೇ ದೇವರು', 'ಸಮಯವೇ ಸಂಪತ್ತು', ಇಂಥವು. ಅವರು ತೀರಿಕೊಂಡ ಮೇಲೆ ಹಲಗೆಯ ಮೇಲೆ ನೀರು ಬರುವ ಹೊತ್ತು ಮಾತ್ರ ಬರೆಯುತ್ತಿದ್ದರು. ನೀನು ಇಂದೂರಿಗೆ ಹೋದ ವರ್ಷವೇ, ಒಂದು ಮುಂಜಾನೆ, ಆಯಿ ಸೀರೆಯ ಸೆರಗಿನಲ್ಲಿ ಸೀಮೆಸುಣ್ಣದ ಕಡ್ಡಿ ಕಟ್ಟಿಕೊಂಡು ಎರಡು ಮಹಡಿ ಇಳಿದರು. ಬರೆದದ್ದು: 'ಸುವಿಚಾರ: ಬೇರೆಯವರು ಪಾಲಿಸಲಿ ಎಂದು ಗೋಡೆಯ ಮೇಲೆ ಬರೆಯುವ ಮಾತು.' ಅಲ್ಲಿಂದ ಶುರು. ದಿನಕ್ಕೊಂದು ಶಬ್ದ, ಅದಕ್ಕೊಂದು ಅರ್ಥ.

ಹಿಂದಿನ ವರ್ಷದ ಗಣಪತಿ ಹಬ್ಬದಿಂದ ಅವರ ಕೈ ನಡುಗುತ್ತದೆ. ಅವರು ಮೋರಿಯ ಕಟ್ಟೆಯ ಮೇಲೆ ಕೂತು ಹೇಳುತ್ತಾರೆ, ನಾನು ಬರೆಯುತ್ತೇನೆ. ಹಾಗಾಗಿ ಹಲಗೆ ಆಯಿಯದು, ಅಕ್ಷರ ನನ್ನದು. ಸೋಹೋನಿ ನಿನಗೆ ಫೋನಿನಲ್ಲಿ 'ನಿಮ್ಮ ತಾಯಿಯ ತಲೆ ಕೆಟ್ಟಿದೆ' ಎಂದು ಹೇಳಿದಾಗ ಈ ಮಾತು ಬಿಟ್ಟಿದ್ದಾರೆ. ಕೆಟ್ಟಿದ್ದರೆ ಎರಡು ತಲೆ ಕೆಟ್ಟಿವೆ.

ಸೋಹೋನಿಗೆ ಸಿಟ್ಟು ಬಂದದ್ದು ನವರಾತ್ರಿಯಲ್ಲಿ. ಎರಡು ದಿನ ಟ್ಯಾಂಕಿನಲ್ಲಿ ನೀರಿರಲಿಲ್ಲ. ಮೂರನೆಯ ದಿನ ಹಲಗೆಯ ಮೇಲೆ: 'ಸೆಕ್ರೆಟರಿ: ಟ್ಯಾಂಕು ತುಂಬಿದರೆ ತನ್ನಿಂದ, ಬರಿದಾದರೆ ಕಾರ್ಪೊರೇಶನ್ನಿನಿಂದ ಎನ್ನುವವನು.' ಹಾಲಿನವನು ಸೈಕಲ್ ನಿಲ್ಲಿಸಿ ಓದಿದ. ಪಕ್ಕದ ಸೊಸೈಟಿಯವರು ಬಂದು ಓದಿದರು. ಸೋಹೋನಿ ಕನ್ನಡಕ ಒರೆಸಿಕೊಂಡು ಓದಿ, ಮತ್ತೆ ಒರೆಸಿಕೊಂಡು ಓದಿ, ಸೀದಾ ಮನೆಗೆ ಹೋಗಿ ನಿನಗೆ ಫೋನ್ ಮಾಡಿದರು.

ನೀನು ಬರೆದೆ: ಆಯಿಗೆ ಎಂಬತ್ತನಾಲ್ಕು, ಮನಸ್ಸಿನ ಸಮತೋಲ ತಪ್ಪುತ್ತಿದೆ, ಬೀದಿಯಲ್ಲಿ ನಿಂತು ಊರವರನ್ನು ಬೈಯುತ್ತಿದ್ದಾರೆ. ಈ ಬರವಣಿಗೆ ನಿಲ್ಲದಿದ್ದರೆ ಇಂದೂರಿಗೆ ಕರೆದುಕೊಂಡು ಹೋಗುವುದೇ ಸರಿ. ಅಲ್ಲಿ ಪ್ರತ್ಯೇಕ ಕೋಣೆ ಇದೆ, ಕೆಳಗಡೆಯೇ ಗೀತಾ ಪಾಠ ನಡೆಯುತ್ತದೆ.

ನಾನು ಪತ್ರವನ್ನು ಅವರಿಗೆ ಓದಿ ಹೇಳಿದೆ. ಹಲಗೆ ಬಿಟ್ಟರೆ ಇಲ್ಲೇ ಇರಬಹುದು, ಬಿಡದಿದ್ದರೆ ಇಂದೂರು ಎಂದು ಬಿಡಿಸಿಯೂ ಹೇಳಿದೆ. ಆಯಿ ಕೋಕಂ ಸಾರಿಗೆ ಬೆಲ್ಲ ಹಾಕುತ್ತಿದ್ದರು.

"ಗೀತಾ ಪಾಠ ಯಾರ ಹೇಳ್ತಾರಂತ?" ಎಂದು ಕೇಳಿದರು.

"ನಿವೃತ್ತ ಬ್ಯಾಂಕ್ ಮ್ಯಾನೇಜರ್ ಅಂತ ಬರದಾನ."

"ಹಂಗಾದ್ರ ಫಲ ಅಪೇಕ್ಷಾ ಮಾಡಬ್ಯಾಡ್ರಿ ಅಂತ ಬಡ್ಡಿ ಇಸಗೊಂಡಾಂವ ಹೇಳ್ತಾನ. ಕೇಳೋಹಂಗ ಇರ್ತದ."

ಆದರೂ ನಾನು ಬೇಡಿಕೊಂಡೆ. ಸ್ವಲ್ಪ ದಿನ ಒಳ್ಳೆಯ ಮಾತುಗಳನ್ನೇ ಬರೆಯೋಣ ಎಂದೆ. ಅವರು ಬೆಲ್ಲದ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ "ಆಗಲಿ" ಎಂದರು. ಇಷ್ಟು ಬೇಗ ಒಪ್ಪುತ್ತಾರೆಂದು ನಾನು ಎಣಿಸಿರಲಿಲ್ಲ. ಇಲ್ಲಿಂದ ಹೋಗಬೇಕಾದೀತೆಂಬ ಅಂಜಿಕೆ ಅವರಿಗೆ ಎಷ್ಟಿತ್ತೆಂದು ನನಗೆ ಗೊತ್ತಾದದ್ದು ಆ 'ಆಗಲಿ'ಯಿಂದ.

ಮರುದಿನ ಹಲಗೆಯ ಮೇಲೆ: 'ಮುಗುಳ್ನಗೆ ಮನೆಯ ದೀಪ.' ಅದರ ಮರುದಿನ: 'ಶ್ರಮವೇ ಶ್ರೀ.' ಮೂರನೆಯ ದಿನ ಹಾಲಿನವನು ಮೇಲೆ ಬಂದು, "ಆಜೀಗೆ ಮೈಯಾಗ ಆರಾಮ ಇಲ್ಲೇನ್ರಿ?" ಎಂದು ಕೇಳಿದ. ದಸರೆಯ ನಂತರದ ಕೋಜಾಗಿರಿ ಹುಣ್ಣಿಮೆಯ ಹೊತ್ತಿಗೆ ಹಲಗೆಯ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಯಾರೋ ಅದರ ಮೊಳೆಗೆ ಒದ್ದೆ ಛತ್ರಿ ತೂಗುಹಾಕಿದ್ದರು.

ಒಂದು ವಾರವಾದ ಮೇಲೆ ಸೋಹೋನಿಯೇ ಬಂದರು. ನಾಲ್ಕು ಹೊಡೆಯುವುದನ್ನೇ ಕಾದಿದ್ದು ಬಂದಿದ್ದರು. ಕೂರಲೂ ಇಲ್ಲ.

"ಆಜಿ, ಇದೇನ ನಮ್ಮ ಸೊಸೈಟಿ ಬೋರ್ಡೋ, ದವಾಖಾನಿ ಗ್ವಾಡಿಯೋ? ಬಾಜೂ ಸೊಸೈಟಿಯವರು ನಗಲಿಕತ್ತಾರ."

"ಒಳ್ಳೇ ಮಾತು ಬರಸೇನಲ್ಲ. ನಿಮಗ ಬೇಕಾಗಿದ್ದೂ ಅದಽ."

"ಒಳ್ಳೇವು ಖರೆ. ಆದ್ರ ಮುಂಜಾನೆ ಎದ್ದು ಇಳದ ಬಂದಾಂವಗ ಚಹಾದ ಜೋಡಿ ಏನರ ಬೇಕಲ್ಲ? ಹಳೇದ ಬರಸ್ರಿ. ನನ್ನ ಬಗ್ಗೆ ಮಾತ್ರ ಬ್ಯಾಡ."

"ನಾ ಸೆಕ್ರೆಟರಿ ಬಗ್ಗೆ ಬರಸಿದ್ದೆ. ಅದು ನಿಮ್ಮ ಬಗ್ಗೆ ಅಂತ ನಿಮಗ ಯಾರ ಹೇಳಿದ್ರು, ಸೋಹೋನಿ?"

ಸೋಹೋನಿ ನನ್ನ ಕಡೆ ನೋಡಿದರು. ನಾನು ಚಹಾದ ಕಪ್ಪು ತೊಳೆಯಲು ಒಳಗೆ ಹೋದೆ. ಮರುದಿನ ಹಲಗೆಯ ಮೇಲೆ: 'ಸ್ಪಷ್ಟವಾದಿ: ತನ್ನೊಬ್ಬನ ಬಗ್ಗೆ ಬಿಟ್ಟು ಎಲ್ಲರ ಬಗ್ಗೆ ನಿಜ ಹೇಳುವವನು.' ನಾಲ್ಕು ಜನ ನಿಂತು ಓದಿದರು, ನಾಲ್ವರೂ ಬೇರೆ ಯಾರನ್ನೋ ನೆನೆಸಿಕೊಂಡು ನಕ್ಕರು.

ಹೀಗೆ ನಿನ್ನ ಮೊದಲ ಕಾರಣ ಬಿದ್ದುಹೋಯಿತು. ಎರಡನೆಯ ಪತ್ರದಲ್ಲಿ ಹಲಗೆಯ ಮಾತೇ ಇಲ್ಲ. ಈಗ ಕಾರಣ ಬೇರೆ. 'ಅವರು ನನ್ನ ತಾಯಿ, ನೋಡಿಕೊಳ್ಳುವುದು ನನ್ನ ಕರ್ತವ್ಯ. ಕಾನೂನಿನ ಪ್ರಕಾರ ನಿನಗೆ ಇನ್ನು ಯಾವ ಹೊಣೆಯೂ ಇಲ್ಲ. ನೀನು ಮುಕ್ತಳು.'

ನೀನು ಇದನ್ನು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀಯ ಎಂದು ನಂಬುತ್ತೇನೆ. ಮದುವೆಯ ಕೊನೆಯ ವರ್ಷಗಳಲ್ಲಿಯೂ ನಿನ್ನ ಮನಸ್ಸಿನ ಬಗ್ಗೆ ನನಗೆ ತಕರಾರಿರಲಿಲ್ಲ. ಎರಡು ಕುರ್ಚಿಗಳ ನಡುವೆ ಆಡಲು ಮಾತಿರಲಿಲ್ಲ, ಅಷ್ಟೇ. ಆದರೆ ಈ ಸಾಲನ್ನು ಆಯಿಗೆ ಓದಿ ಹೇಳಿದ ಮರುದಿನ ಅವರು ಬರೆಸಿದ್ದನ್ನು ನಿನಗೆ ತಿಳಿಸಬೇಕು: 'ಕರ್ತವ್ಯ: ಹತ್ತಿರವಿದ್ದವರು ಹೆಸರಿಡದೆ ಮಾಡುವ ಕೆಲಸಕ್ಕೆ ದೂರವಿದ್ದವರು ಇಡುವ ಹೆಸರು.' ಬರೆಯುವಾಗ ನನಗೆ ಸಂಕೋಚವಾಯಿತು. ಇದು ನನ್ನನ್ನು ಹೊಗಳಿದಂತಾಗುತ್ತದೆ, ಬೇಡ ಎಂದೆ.

"ನಿನ್ನ ಹೊಗಳಿಲ್ಲ. ಅವನ ಬೈದೇನಿ. ಎರಡೂ ಒಂದಽ ಅಲ್ಲ," ಎಂದರು.

ನನ್ನ ಸ್ಥಿತಿ ಹೇಳುವುದಾದರೆ, ನನಗೆ ಇದರಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆಯಿ ಇಂದೂರಿಗೆ ಹೋದರೆ ಕಾಲೇಜಿನ ಹತ್ತಿರ ಒಂದು ಕೋಣೆ ನೋಡಿಕೊಳ್ಳುತ್ತೇನೆ. ನನ್ನದೆನ್ನುವುದು ಪುಸ್ತಕಗಳಷ್ಟೇ, ಅದರಲ್ಲಿಯೂ ಮುಕ್ಕಾಲು ಪಾಲು ಕವಿತೆ, ಕವಿತೆಯ ಪುಸ್ತಕಗಳು ತೆಳ್ಳಗಿರುತ್ತವೆ. ಕೋರ್ಟಿನ ತೀರ್ಪು ಬಂದ ದಿನವೇ ನಾನು ಹೊರಡಲು ಸಿದ್ಧಳಿದ್ದೆ, ನಿನಗೆ ಗೊತ್ತು. ಪೆಟ್ಟಿಗೆ ಕೆಳಗಿಳಿಸುವಾಗ ಆಯಿ ಬಂದು ಅದರ ಮೇಲೆ ಕೂತರು. ಈ ಮಾತು ನಿನಗೆ ಗೊತ್ತಿಲ್ಲ.

"ನೀವಿಬ್ರೂ ಒಬ್ಬರನ್ನೊಬ್ರು ಬಿಟ್ರಿ. ಛಲೋ ಆತು. ನಾ ಎಲ್ಲೂ ಸಹಿ ಮಾಡಿಲ್ಲ," ಎಂದರು. "ಮೊದ್ಲ ಥಾಲಿಪೀಠ ಹಚ್ಚು, ಹಸಿವಿ ಆಗ್ಯದ."

ಅಷ್ಟೇ. ಆ ಬಗ್ಗೆ ಆಮೇಲೆ ನಾವು ಮಾತಾಡಿಲ್ಲ. ನಾಲ್ಕಕ್ಕೆ ಏಳುತ್ತೇವೆ, ಚಹಾ ಕುಡಿಯುತ್ತೇವೆ, ನಾನು ಒಂದು ಕವಿತೆ ಓದುತ್ತೇನೆ, ಅವರು ಕಣ್ಣು ಮುಚ್ಚಿಕೊಂಡು ಕೇಳಿ ಕೊನೆಗೆ ಒಂದು ತಪ್ಪು ಹುಡುಕುತ್ತಾರೆ. ಒಮ್ಮೆ ಒಂದು ವಿರಹದ ಕವಿತೆ ಕೇಳಿದ ಮೇಲೆ ಬರೆಸಿದ್ದು: 'ಕವಿ: ಎದುರಿಗಿದ್ದಾಗ ಬಾಯಿ ಬಿಡದೆ, ಹೋದ ಮೇಲೆ ಹದಿನಾರು ಸಾಲು ಬರೆಯುವವನು.' ಈ ಪತ್ರದ ಉದ್ದ ನೋಡಿ ಆ ಮಾತು ನೆನಪಾಯಿತು.

ಈಗ ಮೊನ್ನೆ ನಡೆದದ್ದನ್ನು ಹೇಳುತ್ತೇನೆ. ನನ್ನ ಉತ್ತರ ಅದರಲ್ಲೇ ಇದೆ.

ಆ ಶನಿವಾರ ನೀನು ಸೇವು ಕೊಡುವಾಗ ಸೋಹೋನಿಗೆ ಆಯಿಯನ್ನು ಕರೆದುಕೊಂಡು ಹೋಗುವ ಮಾತು ಹೇಳಿದ್ದೀಯ. ಅವರು ಮೊನ್ನೆ ಸಂಜೆ ಬಂದರು. ಜೊತೆಗೆ ಒಂದನೆಯ ಮಹಡಿಯ ಲೇಲೆ ಕಾಕು, ತುಳಸೀ ಲಗ್ನಕ್ಕೆ ಕಬ್ಬು ಕೇಳುವ ನೆಪದಲ್ಲಿ. ಸೋಹೋನಿಗೆ ಸಂಕಟವಾಗುತ್ತಿತ್ತು, ಅದು ಕಾಣುತ್ತಿತ್ತು. ಆದರೆ ಸೆಕ್ರೆಟರಿಗಿರಿ ಬಿಡದು.

"ಹಂಗಲ್ಲ ಸುನೇತ್ರಾತಾಯಿ, ತಪ್ಪು ತಿಳೀಬ್ಯಾಡ್ರಿ. ಆಜಿ ಹೋದ ಮ್ಯಾಲೆ ಈ ಮನ್ಯಾಗ ಯಾರ ಇರ್ತಾರ ಅಂತ ನಾನು ಕಮಿಟಿಗೆ ಹೇಳಬೇಕಲ್ಲ. ಮನಿ ಆಜೀ ಹೆಸರಿಲೆ ಅದ. ಹೇರಂಬ ಮಗ. ನೀವು... ಈಗ ನೀವು ಅವರಿಗೆ ಏನಾಗಬೇಕು ಅಂತ ಬರೀಲಿ?"

ನಾನು ಬಹಳ ವರ್ಷ ಭಾಷೆ ಕಲಿಸಿದವಳು. ನಂಟಿನ ಶಬ್ದಗಳನ್ನೆಲ್ಲ ಒಂದೊಂದಾಗಿ ತಿರುವಿಹಾಕುತ್ತಿದ್ದೆ. ಲೇಲೆ ಕಾಕು ನನ್ನ ಪರವಾಗಿ, "ಬಾಡಿಗೆಯಾಕಿ ಅಂತ ಬರದ ಬಿಡ್ರಿ, ಯಾರ ಕೇಳ್ತಾರ," ಎಂದರು. ಕಾಕುವಿನ ಮನಸ್ಸು ಒಳ್ಳೆಯದು. ಆ ಮಾತು ಕೇಳಿದ ಮೇಲೆ ನಾನು ಅಡಿಗೆಮನೆಗೆ ಹೋಗಿ, ಒಲೆಯ ಮೇಲೆ ಏನೂ ಇಲ್ಲದಿದ್ದರೂ, ಸ್ವಲ್ಪ ಹೊತ್ತು ನಿಂತಿದ್ದೆ.

ಹೊರಗೆ ಆಯಿ ಒಂದು ಮಾತೂ ಆಡಲಿಲ್ಲ. ಅವರು ಮಾತಾಡದಿದ್ದದ್ದು ನನಗೆ ನೆನಪಿರುವಂತೆ ಅದೇ ಮೊದಲು. ಸೋಹೋನಿಗೂ ಅದರಿಂದ ಹೆದರಿಕೆಯಾಯಿತೆಂದು ಕಾಣುತ್ತದೆ. "ಅವಸರ ಏನಿಲ್ಲ, ಅವಸರ ಏನಿಲ್ಲ," ಎನ್ನುತ್ತಾ ಮೆಟ್ಟಿಲಿಳಿದರು.

ನಿನ್ನೆ ಮುಂಜಾನೆ ಎಂದಿನಂತೆ ಕೆಳಗೆ ಹೋದೆವು. ಆಯಿ ಕಟ್ಟೆಯ ಮೇಲೆ ಕೂತರು. ನಾನು ಹಲಗೆ ಒರೆಸಿ ಸುಣ್ಣದ ಕಡ್ಡಿ ಹಿಡಿದು ನಿಂತೆ.

"ಬರಿ," ಎಂದರು. "ಸೊಸೆ."

ಬರೆದೆ. ಮುಂದೆ ಎರಡು ಚುಕ್ಕಿ ಇಟ್ಟೆ. ಕಾದೆ. ಗೋಡೆಯ ಆಚೆ ಪೇಪರಿನವನು ಸೈಕಲ್ ನಿಲ್ಲಿಸಿದ್ದು ಕೇಳಿಸಿತು. ನನಗೆ ನಿಜ ಹೇಳಬೇಕೆಂದರೆ ಅಂಜಿಕೆಯಾಗಿತ್ತು. ಈ ಮೂರು ವರ್ಷಗಳಲ್ಲಿ ಆಯಿ ಹಲಗೆಯ ಮೇಲೆ ತಾಯಿಯನ್ನು ಬಿಟ್ಟಿಲ್ಲ, ಮಗನನ್ನು ಬಿಟ್ಟಿಲ್ಲ, ತಮ್ಮ ತೀರಿಹೋದ ಗಂಡನನ್ನೂ ಬಿಟ್ಟಿಲ್ಲ. 'ಗಂಡ: ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯವರನ್ನೆಲ್ಲ ಹುಡುಕಿಸುವವನು.' ನನ್ನನ್ನು ಮಾತ್ರ ಇಷ್ಟು ದಿನ ಹಲಗೆಗೆ ಏರಿಸಿರಲಿಲ್ಲ.

"ಮುಂದ?" ಎಂದೆ.

ಅವರು ಹಲಗೆಯನ್ನು ನೋಡುತ್ತಾ ಕೂತರು.

"ಇರ್ಲಿ ಬಿಡು," ಎಂದರು. "ಮ್ಯಾಲೆ ಹೋಗೂಣ."

ಹಲಗೆ ದಿನವೆಲ್ಲ ಹಾಗೆಯೇ ಇತ್ತು. 'ಸೊಸೆ:' ಮತ್ತು ಅದರ ಮುಂದೆ ಬರೀ ಕಪ್ಪು. ಇಂಥದ್ದು ಈ ಪೇಟೆ ತಡೆದುಕೊಳ್ಳುವ ಸಂಗತಿಯೇ? ಸಂಜೆಯ ಹೊತ್ತಿಗೆ ಗೇಟಿನ ಮುಂದೆ ದೊಡ್ಡ ಚರ್ಚೆ. ಆಜಿ ಮರೆತಿದ್ದಾರೆ ಎಂದು ಒಬ್ಬರು, ಸೊಸೆ ಬರೆಯಲು ಒಪ್ಪಲಿಲ್ಲ ಎಂದು ಇನ್ನೊಬ್ಬರು. ಹಾಲಿನವನು ತನ್ನ ಹೆಂಡತಿಯ ಕಡೆಯಿಂದ ಮೂರು ಅರ್ಥ ಕೇಳಿಕೊಂಡು ಬಂದಿದ್ದ, ಮೂರೂ ಹಲಗೆಯ ಮೇಲೆ ಬರೆಯುವಂಥವಲ್ಲ. ಯಾರೂ ಬರೆಯದಂತೆ ಸೋಹೋನಿ ಹಲಗೆಯ ಪಕ್ಕದಲ್ಲಿಯೇ ಕುರ್ಚಿ ಹಾಕಿಕೊಂಡು ಕೂತಿದ್ದರು ಎಂದು ಲೇಲೆ ಕಾಕು ಹೇಳಿದರು. ಲಗ್ನದ ಪ್ರಸಾದ ಕೊಡಲು ಕಾಕು ಬಂದಾಗ ತಾವೇ ಕೇಳಿಬಿಟ್ಟರು.

"ಆಜಿ, ಅರ್ಥ ಹೇಳ್ರಿ ಒಮ್ಮೆ. ನನಗ ಅನ್ನ ಸೇರವಲ್ದು."

ಆಯಿ ಕಬ್ಬಿನ ತುಂಡು ಕಡಿಯಲಾಗದೆ ಕೈಯಲ್ಲೇ ಹಿಡಿದುಕೊಂಡಿದ್ದರು.

"ತಿಳೀಲಿಲ್ಲವ್ವಾ ನನಗ," ಎಂದರು. "ಎಲ್ಲಾ ಶಬ್ದದ ಹೊಟ್ಯಾಗ ಏನದ ಅಂತ ಕೈ ಹಾಕಿ ತಗದ ನೋಡ್ದೆ. ಇದರಾಗ ಹೊಲಸು ಏನೂ ಸಿಗಲಿಲ್ಲ. ಏನ ಬರಸ್ಲಿ? ಎಂಬತ್ನಾಲ್ಕ ವರ್ಷ ಆತು, ಒಂದ ಶಬ್ದ ತಿಳೀಲಾರದ ಉಳದ್ರ ಏನಾತು?"

ಕಾಕು ನನ್ನನ್ನು ನೋಡಿದರು. ನಾನು ಆಯಿಯ ಕೈಯಿಂದ ಕಬ್ಬಿನ ತುಂಡು ತೆಗೆದುಕೊಂಡು ಸಿಪ್ಪೆ ಸುಲಿಯತೊಡಗಿದೆ.

ಇವತ್ತು ಮುಂಜಾನೆ ಕೆಳಗೆ ಹೋದಾಗ ಸೋಹೋನಿ ಕಾಯುತ್ತಿದ್ದರು. ಕಮಿಟಿಯ ಕಾಗದದಲ್ಲಿ ಏನು ಬರೆದಿರಿ ಎಂದು ನಾನು ಕೇಳಿರಲಿಲ್ಲ, ಅವರೇ ಹೇಳಿದರು. "'ಸೊಸೆ' ಅಂತ ಬರದು ಮುಂದ ಜಾಗಾ ಖಾಲಿ ಬಿಟ್ಟೇನ್ರಿ. ಆಜೀಗೆ ಸುದ್ದಾ ತಿಳೀಲಾರದ್ದು ಕಮಿಟಿಗೆ ಏನ ತಿಳೀತದ?" ಆಮೇಲೆ, ಅದು ಬಹಳ ಮೃದುವಾಯಿತೆಂದು ಅನಿಸಿತೋ ಏನೋ, "ಇವತ್ತಿಂದು ಲಗೂ ಬರೀರಿ, ನನಗ ಹೊತ್ತಾಗ್ತದ," ಎಂದು ಗದರಿದರು.

ಹೇರಂಬ, ನಿನಗೆ ಉತ್ತರ ಇಷ್ಟು. ನಾನು ಬಟ್ಟೆ ಕಟ್ಟಿಡುವುದಿಲ್ಲ. ಆಯಿ ಬರುವುದಿಲ್ಲ. ಇದು ನನ್ನ ನಿರ್ಧಾರವಲ್ಲ ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂದು ಮೇಲೆ ಬರೆದದ್ದನ್ನು ಹಾಗೆಯೇ ಬಿಟ್ಟಿದ್ದೇನೆ, ಹೊಡೆದುಹಾಕಿದರೆ ಕಾಗದ ಹೊಲಸಾಗುತ್ತದೆ. ಆದರೆ ಅದನ್ನು ನಂಬಬೇಡ. ಅವರು ಹೋದರೆ ಮುಂಜಾನೆ ಸುಣ್ಣದ ಕಡ್ಡಿ ಹಿಡಿದು ಯಾರ ಬಾಯಿ ನೋಡುತ್ತಾ ನಿಲ್ಲಲಿ?

ಆಯಿಯನ್ನು ನೇರವಾಗಿ ಕೇಳಿಯೂ ಕೇಳಿದೆ, ನೀನು ಆಮೇಲೆ ನನ್ನನ್ನು ದೂರಬಾರದೆಂದು. "ಇಂದೂರಿಗೆ ಹೋಗ್ತೀರೇನು?" ಎಂದೆ.

"ಅವಂಗ ಹೇಳು," ಎಂದರು, "ನೋಡ್ಲಿಕ್ಕೆ ಬಾ, ಒಯ್ಲಿಕ್ಕೆ ಬರಬ್ಯಾಡ. ಬರುವಾಗ ಸೇವು ತರಬ್ಯಾಡ ಅನ್ನು, ಹಲ್ಲಿಗೆ ಆಗೂದಿಲ್ಲ, ಎಲ್ಲಾ ಆ ಸೋಹೋನಿನೇ ತಿಂದ."

ಭಾನುವಾರ ಬಾ. ನೀನಿರುವಾಗ ನಾನು ಗ್ರಂಥಾಲಯಕ್ಕೆ ಹೋಗಿರುತ್ತೇನೆ, ಅಥವಾ ಇರುತ್ತೇನೆ, ನಿನಗೆ ಹೇಗೆ ಅನುಕೂಲವೋ ಹಾಗೆ. ಆಯಿಗೆ ರಕ್ತದೊತ್ತಡದ ಗುಳಿಗೆ ಬದಲಾಯಿಸಿದ್ದಾರೆ, ಚಿಂತಿಸುವಂಥದ್ದೇನಿಲ್ಲ. ಮೊಣಕಾಲು ಮೊದಲಿನಂತೆಯೇ.

'ನಿನ್ನ' ಎಂದು ಬರೆಯುವಂತಿಲ್ಲ, 'ವಿಶ್ವಾಸಿ' ಎಂದರೆ ಬ್ಯಾಂಕಿನ ಪತ್ರದಂತಾಗುತ್ತದೆ. ಆದ್ದರಿಂದ ಬರೀ ಹೆಸರು,

ಸುನೇತ್ರಾ

ತಾ.ಕ.: ಪತ್ರ ಮುಗಿಸಿ, ನಾಲ್ಕರ ಚಹಾದ ಮೇಲೆ, ಕವಿತೆಯ ಬದಲು ಇದನ್ನೇ ಆಯಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ತಪ್ಪು ಹುಡುಕಿದರು. "ಮಲಗಿದ್ವಿ ಅಂತ ಬರದಿ. ನಿದ್ದಿಗಣ್ಣಾಗ ಅಂಗಿ ಬಣ್ಣಾ ಹ್ಯಾಂಗ ಕಂಡ್ತು ನಿನಗ? ಅವನೂ ನನ್ನ ಮಗ, ಹಿಡೀತಾನ. ಖರೆ ಬರಿ."

ಹಾಗಾದರೆ ನಿಜ ಇದು. ನಾವು ಎಚ್ಚರವಿದ್ದೆವು. ಮೆಟ್ಟಿಲ ಮೇಲೆ ನಿನ್ನ ಹೆಜ್ಜೆ ಕೇಳಿ ನಾನು ಬಾಗಿಲ ಕಿಂಡಿಯಲ್ಲಿ ನೋಡಿದೆ. ನೀನು ಫಲಕ ಓದಿ ಒಮ್ಮೆ ನಕ್ಕೆ, ಕರವಸ್ತ್ರದಿಂದ ತಲೆ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತೆ. ನಾನು ಚಿಲಕಕ್ಕೆ ಕೈ ಹಾಕಿದ್ದೆ. ಮಂಚದ ಮೇಲಿಂದ ಆಯಿ, "ಎಷ್ಟಾತು?" ಎಂದರು. ಎರಡು ಹೊಡೆದಿದೆ ಎಂದೆ. "ಹಂಗಾದ್ರ ನಾಲ್ಕ ಆಗಿಲ್ಲ," ಎಂದರು. ಯಾರು ಎಂದು ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ತೆಳ್ಳಗಾಗ್ಯಾನೇನು?" ಎಂದು ಕೇಳಿದರು. ಇಲ್ಲ, ಹೊಟ್ಟೆ ಬಂದಿದೆ ಎಂದೆ.

ಇನ್ನು ಮುಂದಿನದನ್ನು ಅವರಿಗೆ ಓದಿ ಹೇಳುವುದಿಲ್ಲ. ಅವರು ಎದ್ದು ಬಂದು, ಅಡಿಗೆಮನೆಯ ಸ್ಟೂಲನ್ನು ಬಾಗಿಲಿಗೆ ತಾಗುವಂತೆ ಹಾಕಿಸಿಕೊಂಡು ಕೂತರು. ಮೂರೂವರೆಗೆ ನೀನು ಎದ್ದು ಹೋಗುವವರೆಗೆ ಅಲ್ಲಿಂದ ಏಳಲಿಲ್ಲ. ನೀನು ಆ ಕಡೆ, ಅವರು ಈ ಕಡೆ. ನಡುವೆ ಇದ್ದದ್ದು ಒಂದು ಸಾಗುವಾನಿ ಹಲಗೆ, ಅದರ ಮೇಲೆ ನಿನ್ನ ಅಕ್ಷರ. ಸ್ಟೂಲಿನ ಮೇಲೆ ಕೂತರೆ ಅವರ ಕೈಗೆ ಚಿಲಕ ಎಟುಕುತ್ತದೋ ಇಲ್ಲವೋ ಎಂದು ಮೊದಲು ಒಮ್ಮೆ ಎಟುಕಿಸಿ ನೋಡಿಯೇ ಕೂತಿದ್ದರು. ಬೆಲ್ ಒಂದು ಸಲ ಒತ್ತಿದ್ದರೆ ಸಾಕಿತ್ತು.